ಹೆಬ್ಬೆಟ್ಟು ಒಪ್ಪಲಿಲ್ಲ

ಪಾಸ್‌ವರ್ಡ್ ನೆನಪಿತ್ತು. ಅದೇ ದೊಡ್ಡ ಸಾಧನೆ ಅಂದುಕೊಂಡು ಕುರ್ಚಿಗೆ ಒರಗಿದ್ದೆ. ಆಮೇಲೆ ಹೆಬ್ಬೆಟ್ಟು ಇಡಬೇಕು. ನಮ್ಮ ಬ್ಯಾಂಕಿನಲ್ಲಿ ಬರೀ ಪಾಸ್‌ವರ್ಡ್ ನಂಬುವುದಿಲ್ಲ, ಬೆರಳೂ ಬಂದು ಸಾಕ್ಷಿ ಹೇಳಬೇಕು. ಇಟ್ಟೆ. ಹೊಂದಾಣಿಕೆ ಆಗುತ್ತಿಲ್ಲ ಅಂತ ಪರದೆ ಮೇಲೆ ಬಂತು. ಪ್ಯಾಂಟಿಗೆ ಒರೆಸಿಕೊಂಡು ಇಟ್ಟೆ. ಇಲ್ಲ. ಬಾಯಿಂದ ಹಬೆ ಊದಿ ಇಟ್ಟೆ. ಇಲ್ಲ. ಹೊರಗೆ ಶಟರ್ ಹತ್ತಿರ ಆಗಲೇ ಇಪ್ಪತ್ತು ಮೂವತ್ತು ಜನ ನಿಂತು ಕೈಗಡಿಯಾರ ನೋಡುತ್ತಿದ್ದರು. ಹದಿನೇಳು ವರ್ಷದಿಂದ ದಿನಾ ಮುಖ ನೋಡುವ ಯಂತ್ರ, ಈ ಮನುಷ್ಯ ಯಾರು ಅಂತಲೇ ಗೊತ್ತಿಲ್ಲ ಅನ್ನುತ್ತಿತ್ತು. ನನಗೆ ಸಿಟ್ಟು ಬರಲಿಲ್ಲ. ಅದು ಹೇಳುತ್ತಿರುವುದು ಸರಿ ಅಂತಲೇ ಅನ್ನಿಸಿತು. ಕುರ್ಚಿಯಲ್ಲಿ ಕೂತಿದ್ದವನು ನಾನಂತೂ ಆಗಿರಲಿಲ್ಲ. ನಾನು ಇನ್ನೂ ಸಾಗರದ ಹತ್ತಿರ, ನಮ್ಮ ಮನೆ ಜಗುಲಿಯಲ್ಲಿ, ಕಾಲು ಚಾಚಿಕೊಂಡು ಕೂತಿದ್ದೆ.

ಅವತ್ತು 2024ರ ನವೆಂಬರ್ 4, ಸೋಮವಾರ. ದೀಪಾವಳಿ ಮುಗಿದ ಮರುದಿನದ ಮರುದಿನ. ಆ ಸೋಮವಾರ ಹೇಗಿತ್ತು ಅಂತ ಕರ್ನಾಟಕದಲ್ಲಿ ನೌಕರಿ ಮಾಡುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೂರು ಕೊಟ್ಟು ಒಂಬತ್ತು

ಹೊಸ ಕ್ಯಾಲೆಂಡರ್ ಕೈಗೆ ಬಂದರೆ ಕೆಲವರು ಮೊದಲು ತಮ್ಮ ರಾಶಿ ನೋಡುತ್ತಾರೆ. ಬ್ಯಾಂಕಿನವರು ನೋಡುವುದು ಕೆಂಪು ಶಾಯಿಯನ್ನು. ಆ ವರ್ಷದ ದೀಪಾವಳಿ ಅಂದರೆ ಲಾಟರಿ ಹೊಡೆದ ಹಾಗೆ. ಅಕ್ಟೋಬರ್ 31 ಗುರುವಾರ ನರಕ ಚತುರ್ದಶಿ, ಶುಕ್ರವಾರ ರಾಜ್ಯೋತ್ಸವ, ಶನಿವಾರ ಬಲಿಪಾಡ್ಯಮಿ, ಆಮೇಲೆ ಹೇಗೂ ಭಾನುವಾರ. ಇತ್ತ ಅಕ್ಟೋಬರ್ 26 ನಾಲ್ಕನೇ ಶನಿವಾರ. 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ನಮಗೆ ರಜೆ. ನಡುವೆ ಉಳಿದದ್ದು ಸೋಮವಾರ, ಮಂಗಳವಾರ, ಬುಧವಾರ. ಮೂರು ದಿನ ಕೊಟ್ಟರೆ ಒಂಬತ್ತು ದಿನ ವಾಪಸ್! ಇಷ್ಟು ಬಡ್ಡಿಯನ್ನು ನಮ್ಮ ಬ್ಯಾಂಕ್ ಯಾರಿಗೂ ಕೊಟ್ಟದ್ದಿಲ್ಲ. ಈ ಲೆಕ್ಕವನ್ನು ನಾನು ಜನವರಿಯಲ್ಲೇ ಹಾಕಿಟ್ಟು, ಯಾರಿಗೂ ಹೇಳದೆ, ಮೊದಲು ಅರ್ಜಿ ಕೊಟ್ಟಿದ್ದೆ. ಎರಡನೇ ಕೌಂಟರಿನ ಮೇಡಂ ಇದನ್ನು ಇನ್ನೂ ಕ್ಷಮಿಸಿಲ್ಲ.

ಆದರೆ ಒಂಬತ್ತು ದಿನ ಅನ್ನುವುದು ಕಾಗದದ ಮೇಲಿನ ಮಾತು. ಮೊದಲ ಎರಡು ದಿನ ಊರಲ್ಲಿದ್ದರೂ ಆರಕ್ಕೆ ಎಚ್ಚರ. ಎದ್ದು ಚಾರ್ಜರ್ ಹುಡುಕಿ, ಬ್ರಾಂಚಿನ ವಾಟ್ಸಾಪ್ ಗುಂಪು ನೋಡಿ, ನಾನಿಲ್ಲದೆ ಏನೋ ಎಡವಟ್ಟಾಗಿರಬೇಕು ಅಂತ ಆಸೆಯಿಂದ ಕೆಳಗಿನಿಂದ ಮೇಲಿನವರೆಗೂ ಓದುವುದು. ಏನೂ ಆಗಿರುತ್ತಿರಲಿಲ್ಲ. ಮೂರನೇ ದಿನ ಫೋನ್ ಎಲ್ಲಿಟ್ಟೆ ಅಂತ ಮರೆಯಿತು. ಐದನೇ ದಿನ ಇವತ್ತು ವಾರ ಯಾವುದು ಅಂತ ಅಮ್ಮನನ್ನು ಕೇಳಿದೆ, ಅವಳಿಗೂ ಗೊತ್ತಿರಲಿಲ್ಲ. ನನ್ನ ಪ್ರಕಾರ ರಜೆ ಶುರುವಾದದ್ದೇ ಆಗ. ಏಳನೇ ದಿನ ಮಧ್ಯಾಹ್ನ ಹೋಳಿಗೆ ತಿಂದು ಮಲಗಿದವನಿಗೆ ಸಂಜೆ ಎದ್ದಾಗ ಹೊಟ್ಟೆಯಲ್ಲಿ ಏನೋ ಸಂಕಟ. ಹೋಳಿಗೆಯದ್ದು ಅಂದುಕೊಂಡೆ. ಅಲ್ಲ, ಸೋಮವಾರದ್ದು.

ಶುಕ್ರವಾರ ರಾತ್ರಿಯ ಕಥೆ ಹೇಳದೆ ಹೆಬ್ಬೆಟ್ಟಿನ ಕಥೆ ಪೂರ್ತಿ ಆಗುವುದಿಲ್ಲ. ನಮ್ಮ ಕಡೆ ಆ ಹೊತ್ತಿಗೆ ಅಡಿಕೆ ಗೊನೆಗಳ ಕೊಯ್ಲು ಶುರುವಾಗಿರುತ್ತದೆ. ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಬೇಕು. ಕೊಯ್ದದ್ದನ್ನು ಜಾಸ್ತಿ ದಿನ ಇಡುವ ಹಾಗಿಲ್ಲ. ಹಬ್ಬ ಇರಲಿ, ಹರಿದಿನ ಇರಲಿ, ಅಡಿಕೆ ಕಾಯುವುದಿಲ್ಲ. ಅಣ್ಣನ ಮನೆ ಅಂಗಳದಲ್ಲಿ ಬಲ್ಬ್ ಕಟ್ಟಿ, ಸಾಲಾಗಿ ಮೆಟ್ಟುಗತ್ತಿ, ಅಂದರೆ ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ, ಇಟ್ಟುಕೊಂಡು ಹತ್ತು ಹನ್ನೆರಡು ಜನ ಕೂತಿದ್ದರು. ನಾನು ಸುಮ್ನೆ ನೋಡುತ್ತಾ ನಿಂತಿದ್ದರೆ ಆಗುತ್ತಿತ್ತು. ಬೆಂಗಳೂರಿಗೆ ಹೋಗಿ ಎಲ್ಲ ಮರೆತಿದ್ದಾನೆ ಅಂತ ಯಾರೋ ಅಂದದ್ದು ಕಿವಿಗೆ ಬಿತ್ತು, ಒಂದು ಮೆಟ್ಟುಗತ್ತಿ ಎಳೆದುಕೊಂಡು ಕೂತೆ. ಪಕ್ಕದಲ್ಲಿ ಎಪ್ಪತ್ತರ ಹತ್ತಿರದ ಅಜ್ಜಿಯೊಬ್ಬರು ಟೀವಿ ಧಾರಾವಾಹಿಯ ಕಥೆ ಹೇಳುತ್ತಾ, ಕೈ ಕಡೆ ನೋಡದೆ, ಟಕ್ ಟಕ್ ಅಂತ ಸುಲಿದು ಬುಟ್ಟಿಗೆ ಹಾಕುತ್ತಿದ್ದರು. ನನ್ನ ಬುಟ್ಟಿಯಲ್ಲಿ ತಳ ಕಾಣುತ್ತಿತ್ತು. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಅಣ್ಣನಿಗೆ ಹೇಳಿದರು, "ನಿನ್ನ ತಮ್ಮ ಅಡಿಕೆ ಸುಲೀತಿಲ್ಲ ಮಾರಾಯ. ನೋಟು ಎಣಿಸ್ತಾ ಇದ್ದಾನೆ."

ಆ ಮಾತಿಗೆ ಹಟ ಬಂತು. ರಾತ್ರಿ ಹನ್ನೆರಡರವರೆಗೂ ಎದ್ದೇಳಲಿಲ್ಲ. ಶನಿವಾರ ರಾತ್ರಿಯೂ ಹಾಗೆಯೇ ಕೂತಿದ್ದಾಗ ದೂರದಲ್ಲಿ ಅಂಟಿಗೆ ಪಂಟಿಗೆಯವರ ಹಾಡು ಕೇಳಿಸಿತು. ಗದ್ದೆ ಅಂಚಿನ ಮೇಲೆ ದೀಪ ಹಿಡಿದು, ಅದು ಆರದ ಹಾಗೆ ಕಾಪಾಡಿಕೊಂಡು, ಮನೆಯಿಂದ ಮನೆಗೆ ಬರುತ್ತಾರೆ. ಹಾಡುವವರಲ್ಲಿ ಒಬ್ಬ ನನ್ನ ಜತೆ ಪ್ರೈಮರಿ ಓದಿದವನು. ದೀಪಕ್ಕೆ ಎಣ್ಣೆ ಹಾಕಿದೆವು, ಅಕ್ಕಿ, ದುಡ್ಡು ಕೊಟ್ಟೆವು. ಅವನು ಹೊರಡುವಾಗ "ಯಾವಾಗ ವಾಪಸ್?" ಅಂದ. "ನಾಳೆ ರಾತ್ರಿ" ಅಂದೆ. ಅವನ ಮುಖದಲ್ಲಿ ನಿಜವಾದ ಮರುಕ ಇತ್ತು. ಗದ್ದೆ ಅಂಚಿನಲ್ಲಿ ಬರಿಗಾಲಲ್ಲಿ ರಾತ್ರಿಯಿಡೀ ನಡೆಯುವವನಿಗೆ ಏಸಿ ಕೆಳಗೆ ಕೂರುವವನ ಮೇಲೆ ಮರುಕ. ನಾನದನ್ನು ಸಂತೋಷವಾಗಿ ತೆಗೆದುಕೊಂಡೆ.

ಎರಡು ರಾತ್ರಿಗೆ ಹೆಬ್ಬೆಟ್ಟು, ತೋರುಬೆರಳು, ನಡುಬೆರಳು ಎಲ್ಲ ಚೊಗರು ಹತ್ತಿ ಕಪ್ಪಾಗಿದ್ದವು. ಅಡಿಕೆ ಕಲೆ ಸೋಪಿಗೆ ಹೋಗುವುದಲ್ಲ. ಚರ್ಮ ಒರಟಾಗಿ ಅಲ್ಲಲ್ಲಿ ಸಿಪ್ಪೆ ಎದ್ದಿತ್ತು. ನನಗೆ ಒಳಗೊಳಗೇ ಹೆಮ್ಮೆ. ಬ್ರಾಂಚಿನಲ್ಲಿ ತೋರಿಸಬೇಕು ಅಂತಲೂ ಅಂದುಕೊಂಡಿದ್ದೆ.

ಜೋನಿಬೆಲ್ಲ

ಊರಿಂದ ಹೊರಡುವ ದಿನ ಅಮ್ಮನಿಗೂ ನನಗೂ ಒಂದು ಜಗಳ ಇದ್ದೇ ಇರುತ್ತದೆ. ನಾನು ಬ್ಯಾಗಿನಿಂದ ತೆಗೆಯುವುದು, ಅವಳು ಮತ್ತೆ ಹಾಕುವುದು. ಬಾಳೆಗೊನೆ ಬೇಡ ಅಂದರೆ ಎರಡು ಚಿಪ್ಪು ಸೇರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಇದೆ ಅಂದರೆ "ಅದು ಹಳೇದು" ಅನ್ನುತ್ತಾಳೆ. ಈ ಸಲ ಕೊನೆ ಗಳಿಗೆಯಲ್ಲಿ ಒಂದು ಬಾಟಲಿ ಜೋನಿಬೆಲ್ಲ, ಅಂದರೆ ನೀರಾಗಿರುವ ಬೆಲ್ಲ. ಫೆಬ್ರವರಿಯಲ್ಲಿ ಆಲೆಮನೆಯಿಂದ ತಂದದ್ದು. "ಮುಚ್ಚಳ ಗಟ್ಟಿ ಇದ್ಯಾ?" ಅಂತ ಕೇಳಿದೆ. "ನಾನೇ ಹಾಕಿದ್ದು" ಅಂದಳು. ಆ ಮಾತಿನ ಮೇಲೆ ಅಪೀಲು ಇಲ್ಲ. ಬಸ್ ಹತ್ತುವಾಗ "ಇನ್ನೆರಡು ದಿನ ಇದ್ದು ಹೋಗಬಹುದಿತ್ತಪ್ಪ" ಅಂದಳು. ಒಂಬತ್ತರ ಬದಲು ತೊಂಬತ್ತು ದಿನ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದಳು.

ಬಸ್ಸಿನ ವಿಷಯ ಬೇಡ. ಸ್ಲೀಪರ್ ಅನ್ನುವುದು ಹೆಸರು, ಯಾರೂ ಮಲಗಲಿಲ್ಲ. ಇಡೀ ಮಲೆನಾಡು ಅದೇ ರಾತ್ರಿ ತುಮಕೂರು ರಸ್ತೆ ಹಿಡಿದಿತ್ತು. ಐದಕ್ಕೆ ಮುಟ್ಟಬೇಕಾದ ಬಸ್ಸು ನೆಲಮಂಗಲದಲ್ಲಿ ನಿಂತು, ತೆವಳಿ, ಮತ್ತೆ ನಿಂತು, ಗೊರಗುಂಟೆಪಾಳ್ಯಕ್ಕೆ ಬಂದಾಗ ಏಳೂವರೆ. ಇಳಿದವರನ್ನೆಲ್ಲ ನೋಡಿದೆ. ಎಲ್ಲರ ಕೈಯಲ್ಲೂ ಒಂದು ಚೀಲ ತೆಂಗಿನಕಾಯಿ, ಎಲ್ಲರ ಕೂದಲೂ ಒಂದೇ ಕಡೆ ನಿಂತಿತ್ತು, ಎಲ್ಲರೂ ಒಂದೇ ಆಟೋದವನ ಜತೆ ಜಗಳ ಆಡುತ್ತಿದ್ದರು.

ಮನೆಗೆ ಬಂದು ಬ್ಯಾಗ್ ತೆರೆದರೆ ಘಮಘಮ. ಮುಚ್ಚಳ ಗಟ್ಟಿಯೇ ಇತ್ತು, ಅಮ್ಮನ ತಪ್ಪಿಲ್ಲ. ಬಸ್ಸಿನ ಕುಲುಕಾಟಕ್ಕೆ ಬಾಟಲಿಯೇ ಬುಡದಲ್ಲಿ ಬಿರುಕು ಬಿಟ್ಟಿತ್ತು. ಇಸ್ತ್ರಿ ಮಾಡಿ ತಂದಿದ್ದ ಶರ್ಟು, ಟವೆಲ್ಲು, ಚಾರ್ಜರು, ಆಫೀಸಿನ ಗುರುತಿನ ಚೀಟಿ, ಎಲ್ಲ ಒಂದೇ ಕುಟುಂಬವಾಗಿದ್ದವು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಇವತ್ತೊಂದು ದಿನ ರಜೆ ಹಾಕ್ಬಿಡಿ" ಅಂದಳು. ಯಾವ ಕಾರಣ ಕೊಡಲಿ? ರಜೆಯಿಂದ ಸುಸ್ತಾಗಿದೆ, ಒಂದು ದಿನ ರಜೆ ದಯಪಾಲಿಸಬೇಕು ಅಂತ ಬರೆಯಲು ಆಗುತ್ತಾ? ಗುರುತಿನ ಚೀಟಿಯನ್ನು ಬಿಸಿನೀರಿನಲ್ಲಿ ತೊಳೆದೆ. ಫೋಟೋದಲ್ಲಿದ್ದವನ ಮುಖ ಮಾತ್ರ ಸ್ವಲ್ಪ ಊದಿಕೊಂಡಿತು. ಒಂಬತ್ತು ದಿನ ಹಬ್ಬದೂಟ ಮಾಡಿದವನ ಮುಖಕ್ಕೆ ಅದು ಹೊಂದುತ್ತಿತ್ತು ಕೂಡ.

ಬ್ರಾಂಚಿಗೆ ಬಂದರೆ ಕುರ್ಚಿ ಎರಡಿಂಚು ಕೆಳಗೆ ಇಳಿದಿತ್ತು. ಆ ಮೂರು ದಿನ ನನ್ನ ಜಾಗದಲ್ಲಿ ಕೂತವರು ಕುಳ್ಳಗಿದ್ದರು ಅಂತ ಕಾಣುತ್ತದೆ. ನನ್ನ ಪೆನ್ ಇಲ್ಲ, ದಾರ ಕಟ್ಟಿದ್ದೆ, ದಾರ ಇತ್ತು. ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಅರ್ಜಿ, ಮೇಲೆ ಚೀಟಿ: "ಇವರು ನಿಮ್ಮನ್ನೇ ಕೇಳ್ತಾರಂತೆ." ರಜೆ ಹೇಗಿತ್ತು ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ನಾಲ್ಕು ದಿನ ಸಿಕ್ಕಿತ್ತಲ್ಲ, ಎಲ್ಲರ ಹತ್ತಿರವೂ ಹೇಳಲು ಕಥೆ ಇತ್ತು, ಕೇಳಲು ಯಾರೂ ಇರಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ, "ಊರಿಂದ ಏನ್ ತಂದ್ರಿ?" ಹೋಳಿಗೆ ಡಬ್ಬಿ ಕೊಟ್ಟೆ. ಬೆಳಿಗ್ಗೆ ಹತ್ತು ಹೊಡೆಯುವ ಮೊದಲೇ ಖಾಲಿ ಡಬ್ಬಿ ವಾಪಸ್ ಬಂತು. ಬೆರಳು ತೋರಿಸಿದೆ. "ಅಯ್ಯೋ, ಮಷೀನಿಗೆ ಇಂಕ್ ಹಾಕೋಕೆ ಹೋಗಿದ್ರಾ?" ಅಂದರು ಎರಡನೇ ಕೌಂಟರಿನ ಮೇಡಂ.

ನಾಳೆಯಿಂದ ಬರಬೇಡಿ

ಇಲ್ಲೊಂದು ಪಕ್ಕದ ಮಾತು. ರಜೆ ಅಂದರೆ ಕೇಳಿ ಪಡೆಯುವುದು ಅಂತ ಎಲ್ಲರೂ ತಿಳಿದಿದ್ದಾರೆ. ಬ್ಯಾಂಕಿನಲ್ಲಿ ಇನ್ನೊಂದು ಜಾತಿಯ ರಜೆ ಇದೆ, ಕೇಳದಿದ್ದರೂ ಕೊಡುವುದು. ಸೂಕ್ಷ್ಮ ಜಾಗದಲ್ಲಿ ಕೆಲಸ ಮಾಡುವವರನ್ನು ವರ್ಷಕ್ಕೊಮ್ಮೆ, ಮುಂಚೆ ತಿಳಿಸದೆ, ಒಂದೇ ಸಮ ಹತ್ತು ಕೆಲಸದ ದಿನವಾದರೂ ಕಡ್ಡಾಯ ರಜೆಯ ಮೇಲೆ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಆ ದಿನಗಳಲ್ಲಿ ಅವರು ಆಫೀಸಿನ ಇಮೇಲ್ ಬಿಟ್ಟು ಬೇರೇನನ್ನೂ ಮುಟ್ಟುವ ಹಾಗಿಲ್ಲ. ಹಿಂದಿನ ಯೋಚನೆ ಸರಳ. ಲೆಕ್ಕದಲ್ಲಿ ಏನಾದರೂ ಮುಚ್ಚಿಟ್ಟವನು ದಿನಾ ಬಂದು ಅದನ್ನು ಮುಚ್ಚುತ್ತಲೇ ಇರಬೇಕು. ಹತ್ತು ದಿನ ಅವನನ್ನು ದೂರ ಇಟ್ಟರೆ ಮುಚ್ಚಿದ್ದು ತಾನೇ ಹೊರಗೆ ಬರುತ್ತದೆ. ಒಂದು ದಿನವೂ ರಜೆ ಹಾಕದ ನೌಕರನನ್ನು ಬೇರೆ ಕಡೆ ಸನ್ಮಾನ ಮಾಡುತ್ತಾರೆ, ನಮ್ಮಲ್ಲಿ ಅವನ ಮೇಲೆ ಒಂದು ಕಣ್ಣಿಡುತ್ತಾರೆ.

ನಮ್ಮ ಹಳೆಯ ಬ್ರಾಂಚಿನಲ್ಲಿ ಒಬ್ಬ ಅಧಿಕಾರಿ ಇದ್ದರು. ಬಹಳ ಪ್ರಾಮಾಣಿಕ ಮನುಷ್ಯ, ಬಹಳ ಕೆಲಸಗಾರ, ಮನೆಗೆ ಹೋಗುವುದೇ ಗೊತ್ತಿಲ್ಲ. ಒಂದು ಸಂಜೆ ಮ್ಯಾನೇಜರ್ ಕರೆದು "ನಾಳೆಯಿಂದ ಹತ್ತು ದಿನ ಬರಬೇಡಿ" ಅಂದರು. ಅವರ ಮುಖ ಬಿಳಿಚಿಕೊಂಡಿತು. "ನಾನೇನು ತಪ್ಪು ಮಾಡಿದೆ?" ಅಂದರು. ತಪ್ಪಲ್ಲ, ನಿಯಮ ಅಂತ ಅರ್ಧ ಗಂಟೆ ಸಮಾಧಾನ ಮಾಡಬೇಕಾಯಿತು. ಮೂರನೇ ದಿನ ನೋಡಿದರೆ ಬ್ರಾಂಚಿನ ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದಾರೆ! ಇಸ್ತ್ರಿ ಶರ್ಟು, ಕೈಯಲ್ಲಿ ಹೆಲ್ಮೆಟ್ಟು. "ಸುಮ್ನೆ ಈ ಕಡೆ ಬಂದಿದ್ದೆ" ಅಂದರು. ಅವರ ಮನೆ ಇದ್ದದ್ದು ಕೆಂಗೇರಿಯಲ್ಲಿ, ಬ್ರಾಂಚ್ ಬೆಂಗಳೂರಿನ ಇನ್ನೊಂದು ತುದಿಯ ಯಲಹಂಕದಲ್ಲಿ. ನಾಲ್ಕನೇ ದಿನವೂ ಸುಮ್ನೆ ಬಂದರು, ಐದನೇ ದಿನವೂ. ಟೀ ಕುಡಿದು, ಒಳಗಿನಿಂದ ಬರುವ ನಮ್ಮ ಮುಖ ನೋಡಿ, ಏನಾದರೂ ತೊಂದರೆಯಾ ಅಂತ ಕಣ್ಣಲ್ಲೇ ಕೇಳುತ್ತಿದ್ದರು. ಇಲ್ಲ ಸರ್, ಎಲ್ಲ ಸರಿಯಾಗಿ ನಡೀತಿದೆ ಅಂದರೆ ಟೀ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ಹತ್ತು ದಿನ ಮುಗಿಸಿ ಬಂದ ಮೇಲೆ ಲೆಕ್ಕದಲ್ಲಿ ಒಂದು ಪೈಸೆ ವ್ಯತ್ಯಾಸ ಇರಲಿಲ್ಲ. ಎಲ್ಲರೂ ಅಭಿನಂದನೆ ಹೇಳಿದರು. ಅವರು ಮಾತ್ರ ಒಂದು ವಾರ ಮಂಕಾಗಿದ್ದರು. ನಾನಾಗ ಹೊಸಬ, ನನಗೆ ನಗು ಬಂದಿತ್ತು.

ಈಗ ಅಷ್ಟು ನಗು ಬರುವುದಿಲ್ಲ. ಊರಲ್ಲಿ ಮೊದಲ ಎರಡು ದಿನ ನಾನೂ ವಾಟ್ಸಾಪ್ ಗುಂಪಿನಲ್ಲಿ ಮಾಡಿದ್ದು ಅದೇ ತಾನೇ. ರಜೆಯಿಂದ ವಾಪಸ್ ಬರುವುದು ಯಾಕೆ ಇಷ್ಟು ಕಷ್ಟ ಅಂತ ಯೋಚಿಸಿದಾಗೆಲ್ಲ ಕೆಲಸದ ಮೇಲೆ ತಪ್ಪು ಹೊರಿಸುತ್ತೇವೆ. ಕೆಲಸ ಅಷ್ಟೇನೂ ಕೆಟ್ಟದ್ದಲ್ಲ, ಒಂದು ಗಂಟೆಯಲ್ಲಿ ಕೈಗೆ ಹತ್ತುತ್ತದೆ. ಕಷ್ಟ ಆಗುವುದು ಕುರ್ಚಿ ಎರಡಿಂಚು ಇಳಿದದ್ದನ್ನು ನೋಡಿದಾಗ. ಯಾರೋ ಬಂದು, ಕೂತು, ನನ್ನ ಪೆನ್ನಿನಲ್ಲೇ ಬರೆದು, ಹೋಗಿದ್ದಾರೆ. ಬ್ಯಾಂಕ್ ಮುಳುಗಿಲ್ಲ. ಊರಲ್ಲೂ ಅಷ್ಟೇ, ನಾನು ಸುಲಿಯದಿದ್ದರೂ ಅಡಿಕೆ ಬೇಯುತ್ತಿತ್ತು, ಬಹುಶಃ ಸ್ವಲ್ಪ ಬೇಗ. ಎರಡೂ ಕಡೆ ಬೇಕಾದವನ ಹಾಗೆ ಓಡಾಡುತ್ತೇನೆ.

ಬದುಕಿದ್ದೇನೆ ಅಂತ ಬರ್ಕೊಳಿ

ಅವತ್ತಿನ ಸೋಮವಾರಕ್ಕೆ ಇನ್ನೊಂದು ವಿಶೇಷ ಇತ್ತು. ನವೆಂಬರ್ ಅಂದರೆ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡುವ ತಿಂಗಳು. ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ರುಜುವಾತು ಮಾಡಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಈಗೆಲ್ಲ ಆಧಾರ್ ಬೆರಳಚ್ಚಿನಲ್ಲಿ ಆಗುತ್ತದೆ, 2021ರಿಂದ ಮೊಬೈಲಿಗೆ ಮುಖ ತೋರಿಸಿಯೂ ಮಾಡಬಹುದು. ಆದರೂ ನಮ್ಮ ರಾಜಾಜಿನಗರದ ಹಿರಿಯರಿಗೆ ಬ್ಯಾಂಕಿಗೆ ಬಂದು ಬದುಕಿದರೇ ಬದುಕಿದ ಹಾಗೆ. ನವೆಂಬರ್ 1ರಿಂದ ಮೂರು ದಿನ ಬಾಗಿಲು ಹಾಕಿತ್ತಲ್ಲ, ಬದುಕಿದ್ದವರೆಲ್ಲ ಸೋಮವಾರವೇ ಬಂದಿದ್ದರು.

ಸಾಲಿನಲ್ಲಿ ಮೊದಲು ನಿಂತಿದ್ದವರು ಪ್ರತಿ ವರ್ಷವೂ ಮೊದಲು ನಿಲ್ಲುವವರೇ. ಎ.ಜಿ. (ಅಕೌಂಟೆಂಟ್ ಜನರಲ್) ಆಫೀಸಿನಲ್ಲಿದ್ದು 2005ರಲ್ಲಿ ನಿವೃತ್ತರಾದವರು, ಎಪ್ಪತ್ತೊಂಬತ್ತು ವರ್ಷ. ಗಂಜಿ ಹಾಕಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ದಾರ ಸುತ್ತಿದ ಫೈಲು. ಹತ್ತು ಗಂಟೆ ಅಂದರೆ ಹತ್ತು ಗಂಟೆಗೆ ಕೌಂಟರಿನ ಮುಂದೆ. ನಾನಿನ್ನೂ ನನ್ನ ಹೆಬ್ಬೆಟ್ಟಿನ ಜತೆ ಗುದ್ದಾಡುತ್ತಿದ್ದೆ. ಅವರು ಗಾಜಿನಾಚೆಯಿಂದ ಸ್ವಲ್ಪ ಹೊತ್ತು ನೋಡಿದರು.

"ಏನ್ರೀ, ನಿಮ್ಮದೂ ತಗೋತಿಲ್ವಾ?"

"ಇಲ್ಲ ಸರ್. ಊರಿಗೆ ಹೋಗಿದ್ದೆ, ಅಡಿಕೆ ಸುಲಿದು ಬೆರಳು ಹೀಗಾಗಿದೆ."

"ಹಾಗಾದ್ರೆ ಮೊದಲು ನಿಮ್ಮ ಸರ್ಟಿಫಿಕೇಟು ಮಾಡ್ಕೊಳಿ. ನಿಮ್ಮ ಮುಖ ನೋಡಿದ್ರೆ ನಿಮ್ಮದೇ ಅರ್ಜೆಂಟು ಅನ್ಸುತ್ತೆ. ನಾನು ಕಾಯ್ತೀನಿ."

ಹಿಂದಿನ ಸಾಲಿನಲ್ಲಿ ನಾಲ್ಕೈದು ಜನ ನಕ್ಕರು. ಬೆರಳು ಒಣಗಿದ್ದರೆ ಕೂದಲಿಗೆ ಉಜ್ಜಿ, ಎಣ್ಣೆ ಪಸೆ ಹತ್ತಿ ತಗೊಳ್ಳುತ್ತದೆ ಅಂತ ನಾವೇ ಗಿರಾಕಿಗಳಿಗೆ ಹೇಳುವುದು. ಅದನ್ನೇ ಮಾಡಿದೆ. ಆಗಲಿಲ್ಲ. ಆಗ ನೆನಪಾಯಿತು, ಹಿಂದೆ ಯಾವಾಗಲೋ ನೋಂದಣಿ ಮಾಡುವಾಗ ಎಡಗೈಯ ಉಂಗುರ ಬೆರಳನ್ನೂ ಕೊಟ್ಟಿದ್ದೆ. ಎರಡು ರಾತ್ರಿ ಅಡಿಕೆ ಸುಲಿಯುವಾಗ ಅದಕ್ಕೆ ಏನೂ ಕೆಲಸ ಇರಲಿಲ್ಲ. ಬೆಳ್ಳಗೆ, ಮೆತ್ತಗೆ, ಬ್ಯಾಂಕಿನವನ ಬೆರಳಾಗಿಯೇ ಉಳಿದಿತ್ತು. ಇಟ್ಟೆ. ತಕ್ಷಣ ಒಪ್ಪಿತು. ಇಡೀ ದೇಹದಲ್ಲಿ ಅದೊಂದೇ ಡ್ಯೂಟಿಗೆ ಹಾಜರಾಗಿದ್ದ ಹಾಗೆ.

ಈಗ ಅವರ ಸರದಿ. ಬಲಗೈ ಹೆಬ್ಬೆಟ್ಟು ಆಗಲಿಲ್ಲ, ತೋರುಬೆರಳೂ ಆಗಲಿಲ್ಲ. ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತದೆ. "ತಲೆಗೆ ಉಜ್ಜಿ ಸರ್" ಅಂದುಬಿಟ್ಟೆ. ಅವರು ತಮ್ಮ ನುಣ್ಣನೆಯ ತಲೆ ಮೇಲೆ ಒಮ್ಮೆ ಕೈಯಾಡಿಸಿ ನನ್ನನ್ನೇ ನೋಡಿದರು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ನಾನು ನನ್ನ ಎಡಗೈ ಎತ್ತಿ ತೋರಿಸಿದೆ. ಅವರೂ ಎಡಗೈ ಉಂಗುರ ಬೆರಳು ಇಟ್ಟರು. ಒಂದೇ ಸಲಕ್ಕೆ ಆಯಿತು. "ಬದುಕಿದ್ದೀನಾ?" ಅಂದರು. "ಇದ್ದೀರಿ ಸರ್" ಅಂದೆ.

ಕೆಲಸ ಮುಗಿದಿತ್ತು. ಆದರೆ ಅವರು ಫೈಲಿನ ದಾರವನ್ನು ನಿಧಾನ ಸುತ್ತುತ್ತಾ ನಿಂತೇ ಇದ್ದರು. "ಇದೆಲ್ಲ ಮನೇಲೇ ಮೊಬೈಲಲ್ಲಿ ಮಾಡ್ಬಹುದಂತೆ. ಮಗ ಹೇಳ್ತಾನೆ. ಮೊಬೈಲಲ್ಲಿ ಮಾಡಿದ್ರೆ ನಾನು ಶರ್ಟು ಯಾಕೆ ಹಾಕ್ಕೋಬೇಕು ಹೇಳಿ?" ಅಂದರು. ಬೆಳಿಗ್ಗೆ ಐದಕ್ಕೇ ಎದ್ದರಂತೆ. ಎಂಟಕ್ಕೆಲ್ಲ ತಿಂಡಿ ಆಗಬೇಕು ಅಂತ ಮನೆಯಲ್ಲಿ ಗಲಾಟೆ ಮಾಡಿದರಂತೆ. ಲೇಟಾಗುತ್ತೆ, ಲೇಟಾಗುತ್ತೆ ಅಂತ. ಬ್ಯಾಂಕು ಅವರ ಮನೆಯಿಂದ ಎರಡು ರಸ್ತೆ ಆಚೆ.

ಹಿಂದಿನವರು ಗೊಣಗಲು ಶುರು ಮಾಡಿದ್ದರು. ಏನಾದರೂ ಒಳ್ಳೆಯ ಸುದ್ದಿ ಹೇಳಿ ಕಳಿಸೋಣ ಅಂತ, "ಸರ್, ಮುಂದಿನ ವರ್ಷ ನಿಮಗೆ ಎಂಬತ್ತು ತುಂಬುತ್ತೆ. ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಈ ನವೆಂಬರ್ ರಶ್ಶಲ್ಲಿ ನಿಲ್ಲೋದು ತಪ್ಪುತ್ತೆ" ಅಂದೆ.

ಅವರು ದಾರ ಸುತ್ತುವುದನ್ನು ನಿಲ್ಲಿಸಿದರು. ಲೆಕ್ಕಪತ್ರದವರಲ್ವಾ, ನಿಯಮ ಅಂದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಸ್ವಲ್ಪ ಯೋಚಿಸಿ, ಗಾಜಿನ ಕಿಂಡಿಯ ಹತ್ತಿರ ಬಗ್ಗಿ, ಹಿಂದಿನವರಿಗೆ ಕೇಳದ ಹಾಗೆ ದನಿ ತಗ್ಗಿಸಿ ಕೇಳಿದರು.

"ಅಕ್ಟೋಬರ್‌ನಲ್ಲಿ ಕೊಟ್ಟವರು ನವೆಂಬರ್‌ನಲ್ಲೂ ಒಂದ್ಸಲ ಬರಬಹುದಾ?"